ಉಸುಕಿನಲ್ಲಿ ಸುಮ್ಮನಾಗುವ ಲಾರಿ

"ಜಲಾಲುದ್ದೀನ ಚಾಚಾ... ಲಾರಿ ತಂದೇನಿ!"

ಆ ದನಿ ಕೇಳಿ ತಿದಿ ಒತ್ತುತ್ತಿದ್ದ ಜೋಹರಾಳ ಕೈ ನಿಂತಿತು. ಅಷ್ಟೇ. ಎದೆ ಡವಗುಟ್ಟಲಿಲ್ಲ, ಕಣ್ಣೂ ತುಂಬಲಿಲ್ಲ.

ಕುಲುಮೆಯ ಬಾಗಿಲಲ್ಲಿ ಇಮಾಮಸಾಬ! ನಾಲ್ಕು ವರ್ಷದ ಹಿಂದೆ ಅವಳೊಂದಿಗೆ ಮದುವೆಯ ಮಾತಾಗಿ, ದೊಡ್ಡ ಯುದ್ಧದಲ್ಲಿ ಲಾರಿ ಓಡಿಸಲು ಬಸ್ರಾಕ್ಕೆ ಹೋದವನು. ತಿರುಗಿ ಬಂದು ಎರಡು ತಿಂಗಳಾದರೂ ಹುನಗುಂದದ ಈ ಮನೆಯ ಕಡೆ ತಲೆ ಹಾಕಿರಲಿಲ್ಲ.

ಇಳಕಲ್ಲಿನ ಸಂತೆಯಲ್ಲಿ ಅವನ ಬೆನ್ನು ಕಂಡು ಜೋಹರಾ ನಾಚಿಕೆ ಬಿಟ್ಟು, ಎಲ್ಲರೆದುರು ಹೆಸರು ಹಿಡಿದು ಕೂಗಿದ್ದಳು. ಎರಡು ಸಲ! ಅವನು ತಿರುಗಿಯೂ ನೋಡದೆ ಹೋಗಿದ್ದ. ಅಂದಿನಿಂದ ಅವಳ ಮನಸ್ಸು ಮರಗಟ್ಟಿತ್ತು. ಅಳು ಬಂದಿದ್ದರೆ ಚೆನ್ನಾಗಿತ್ತು... ಅದೂ ಬರಲಿಲ್ಲ. ಇಳಕಲ್ಲಿನಿಂದ ಬೇರೆ ಸಂಬಂಧ ಬಂದಾಗ "ನಿಮ್ಮ ಇಷ್ಟ, ಅಬ್ಬಾ" ಎಂದುಬಿಟ್ಟಿದ್ದಳು. ನಾಳೆ ಅವರಿಗೆ ಒಪ್ಪಿಗೆ ಹೇಳಿ ಕಳಿಸಬೇಕು.

"ಏನಾಗೇತಿ ಗಾಡಿಗೆ?" ಅಪ್ಪ ಜಲಾಲುದ್ದೀನ ಮುಖ ಗಂಟಿಕ್ಕಿ ಕೇಳಿದ.

ಇಮಾಮಸಾಬ ಅವನ ತುಟಿಯನ್ನೇ ನೋಡಿ, ತುಸು ತಡೆದು ಹೇಳಿದ. "ನರಳತೈತಿ ಅಂತ ಸಾವ್ಕಾರ ಬಂಡೆಪ್ಪ ಅಂತಾರ್ರಿ. ಇವತ್ತ ರಿಪೇರಿ ಆಗಲಿಲ್ಲಂದ್ರ ಬ್ಯಾರೆ ಡ್ರಾಯವರನ್ನ ಇಡ್ತಾರಂತ."

ಯುದ್ಧ ಮುಗಿದ ಮೇಲೆ ಹರಾಜಿಗೆ ಬಂದ ಲಾರಿ ಅದು. ಹಿಂದಿನ ಎರಡು ಗಾಲಿಗಷ್ಟೇ ಅಲ್ಲ, ನಾಲ್ಕಕ್ಕೂ ಎಂಜಿನ್ನಿನ ಬಲ. ಚಕ್ಕಡಿಯ ಅಚ್ಚು ಬಲ್ಲ ಜಲಾಲುದ್ದೀನನಿಗೂ ಅದು ಹೊಸದು. ಆದರೆ ಸದ್ದು ಹುಡುಕುವ ರೀತಿ ಎಲ್ಲಕ್ಕೂ ಒಂದೇ. ಬೇವಿನ ಕೋಲಿನ ಒಂದು ತುದಿ ಕಬ್ಬಿಣಕ್ಕೆ, ಇನ್ನೊಂದು ಕಿವಿಗೆ! ಸುತ್ತಿಗೆ ಬಡಿದು ಬಡಿದು ಕಿವಿ ಮಂದವಾದ ಅಪ್ಪ ಅದನ್ನು ಹಲ್ಲಿನಲ್ಲಿ ಕಚ್ಚಿ ಕೇಳುತ್ತಿದ್ದ. ಸೂಕ್ಷ್ಮ ಸದ್ದು ಹಿಡಿಯುವ ಕೆಲಸ ಮಾತ್ರ ಮಗಳದು.

ಅಪ್ಪ ಲಾರಿಯ ಹಿಂದೆ ಹತ್ತಿದ. ಜೋಹರಾ ಮುಂದೆ ಕುಳಿತು, ಕಾಲಡಿಯ ಹಲಗೆ ಸರಿಸಿ, ಕೋಲನ್ನು ಗೇರಿನ ಪೆಟ್ಟಿಗೆಗೆ ಊರಿದಳು.

ಮೊದಲ ತಿರುವಿನಲ್ಲೇ ಲಾರಿ ಕರ್ರ್... ಎಂದು ಅರಚಿತು! ಕೋಲೇ ಬೇಕಿರಲಿಲ್ಲ. ಕಟ್ಟೆಯ ಮೇಲೆ ಕುಳಿತವರು ಎದ್ದು ನಿಂತರು, ಕೋಳಿಗಳು ದಿಕ್ಕಾಪಾಲಾದವು.

ಇಮಾಮಸಾಬ ದಾರಿಯ ಮೇಲೆ ಕಣ್ಣಿಟ್ಟು ಶಾಂತವಾಗಿ ಹೇಳಿದ. "ಸದ್ದು ಶುರುವಾದ ಕೂಡಲೇ ಹೇಳು, ಜೋಹರಾ."

ಏನಂದ ಇವನು?

"ನಿಲ್ಲಸ್ರಿ!" ಎಂದಳು. ಲಾರಿ ನಿಲ್ಲಲಿಲ್ಲ. ಅವನ ಕಿವಿಯ ಪಕ್ಕದಲ್ಲೇ ಇನ್ನೂ ಜೋರಾಗಿ ಕೂಗಿದಳು. ಅವನ ರೆಪ್ಪೆಯೂ ಅಲುಗಲಿಲ್ಲ.

ಯಾ ಅಲ್ಲಾ... ಅಂದು ಸಂತೆಯಲ್ಲಿಯೂ ಹೀಗೆಯೇ?

ಅಷ್ಟರಲ್ಲಿ ಲಾರಿ ಹಳ್ಳದ ಉಸುಕಿಗೆ ಇಳಿಯಿತು. ಅರಚಾಟ ಒಮ್ಮೆಲೇ ನಿಂತಿತು. ಜೋಹರಾ ಅವನ ಮೊಣಕೈ ಮುಟ್ಟಿದಳು. ಅವನು ಲಾರಿ ನಿಲ್ಲಿಸಿ ತಿರುಗಿದ.

ಅವನಿಗೆ ಕಾಣುವಂತೆ ನಿಧಾನವಾಗಿ ತುಟಿ ಆಡಿಸಿದಳು. "ಗಟ್ಟಿ ರಸ್ತಾದ ಮ್ಯಾಲ ಅರಚತೈತಿ. ಉಸುಕಿನ್ಯಾಗ ಸುಮ್ಮಿರತೈತಿ."

"ಕೊಂಡಿ!" ಅವನು ಹಣೆ ಬಡಿದುಕೊಂಡ. "ಉಸುಕಿನ್ಯಾಗ ಸಿಗಬೀಳಬಾರದಂತ ಮುಂದಿನ ಗಾಲಿ, ಹಿಂದಿನ ಗಾಲಿ ಕೂಡಿಸಿ ಕೊಂಡಿ ಹಾಕ್ತೇವಿ. ಹೊಳಿ ದಾಟಿದ ಮ್ಯಾಲ ತಗದಿದ್ದೆ..."

"ಹಿಡಿಕಿ ತಗದೀರಿ. ಒಳಗ ಕೊಂಡಿ ಬಿಟ್ಟಿಲ್ಲ."

ತಿರುವಿನಲ್ಲಿ ಮುಂದಿನ ಗಾಲಿಗಳು ಹೆಚ್ಚು ಓಡಬೇಕು, ಕೊಂಡಿ ಓಡಲು ಬಿಡದು. ಗಟ್ಟಿ ನೆಲದಲ್ಲಿ ನಾಲ್ಕೂ ಗಾಲಿ ಒಂದನ್ನೊಂದು ಎಳೆದಾಡುತ್ತಿದ್ದವು. ಹಿಂದಿನಿಂದ ಇಳಿದು ಬಂದ ಜಲಾಲುದ್ದೀನ ಮಗಳಿಂದ ವಿಷಯ ತಿಳಿದು, ಎಣ್ಣೆ, ಸುತ್ತಿಗೆ ಹಿಡಿದು ಲಾರಿಯ ಕೆಳಗೆ ನುಗ್ಗಿದ.

"ಕಿವಿ ಯಾವಾಗ ಹೋದವು?" ಜೋಹರಾ ಕೇಳಿದಳು.

"ಬಸ್ರಾದಾಗ. ಮಗ್ಗಲದಾಗ ಗುಂಡು ಸಿಡೀತು. ಇಲ್ಲಿ ಯಾರಿಗೂ ಹೇಳಿಲ್ಲ."

"ಇಳಕಲ್ಲ ಸಂತ್ಯಾಗ ನಿಮ್ಮನ್ನ ಕೂಗಿದ್ದೆ. ಹೆಸರು ಹಿಡದು, ಎರಡು ಸಲ."

ಅವನ ಮುಖ ಬಿಳಿಚಿತು. "ನೀ... ನನ್ನನ್ನ?"

ಅವನು ತಲೆ ತಗ್ಗಿಸಿದ. "ಕಿವುಡಗ ಮಗಳನ್ನ ಕೊಡ್ರಿ ಅಂತ ಯಾವ ಬಾಯಿಲೆ ಕೇಳಲಿ? ಅದಕ್ಕ ದೂರ ಉಳಿದೆ. ತುಟಿ ನೋಡಿದ್ರ ಮಾತು ತಿಳಿತೈತಿ, ಜೋಹರಾ... ಆದ್ರ ನಿನ್ನ ದನಿ ಹೆಂಗಿತ್ತು ಅನ್ನೂದು ಮರತೇನಿ."

ಸಂತೆಯ ದಿನದಿಂದ ಬಾರದ ಅಳು ಈಗ ಬಂತು. ಜೋಹರಾ ತಡೆಯಲಿಲ್ಲ. ಹಲಗೆ ಸರಿಸಿದ ಸಂದಿಯಿಂದ ಲಾರಿಯ ಕೆಳಕ್ಕೆ ಬಗ್ಗಿ ಕೂಗಿದಳು.

"ಅಬ್ಬಾ! ಇಳಕಲ್ಲಿನವರಿಗೆ ಒಲ್ಲೆ ಅಂತ ಹೇಳಿ ಕಳಸ್ರಿ!"

ಸುತ್ತಿಗೆ ಒಂದು ಕ್ಷಣ ನಿಂತಿತು. "ಹೂಂ..." ಎಂಬ ದನಿ ಬಂತು. ಸುತ್ತಿಗೆ ಮತ್ತೆ ಶುರುವಾಯಿತು.

ಜೋಹರಾ ಬೇವಿನ ಕೋಲನ್ನು ಸೆರಗಿನಿಂದ ಒರೆಸಿ ಇಮಾಮಸಾಬನ ಬಾಯಿಗೆ ಹಿಡಿದಳು. "ಕಚ್ಚಿ ಹಿಡೀರಿ."

ಇನ್ನೊಂದು ತುದಿಯನ್ನು ತನ್ನ ಗಂಟಲಿಗೆ ಒತ್ತಿಕೊಂಡು, ಕಣ್ಣು ಮುಚ್ಚಿ ಕರೆದಳು.

"ಇಮಾಮಸಾಬ..."

ಅವನ ಕಣ್ಣುಗಳು ಅರಳಿದವು. ಕೋಲು ಕಚ್ಚಿಕೊಂಡೇ ಅತ್ತುಬಿಟ್ಟ. ಆಮೇಲೆ ಅದನ್ನು ಬಾಯಿಂದ ತೆಗೆದು ಬೇಡಿದ. "ಕೇಳಿಸ್ತು... ಇನ್ನೊಮ್ಮೆ ಕರಿ!"

"ಉಹೂಂ." ಜೋಹರಾ ಕೋಲನ್ನು ಮತ್ತೆ ಅವನ ಹಲ್ಲಿಗಿಟ್ಟು, ಗಂಟಲಿಗೆ ಒತ್ತಿಕೊಂಡು, ಮೆಲ್ಲಗೆ ಹೇಳಿದಳು. "ಮೂರು ಸಲ ಆತು. ಇನ್ನ ಸಾಕು... ಗಂಡನ ಹೆಸರು ಹೇಳಬಾರದ್ರಿ."