ಅಂತರಪಟದ ಆಚೆ ಕೂತವನು

ಅಂತರಪಟದ ಆಚೆ ಯಾರೂ ಇರಬಾರದು... ಆದರೆ ಅಲ್ಲೊಂದು ಪಾದವಿತ್ತು!

ಹಾರ ಹಿಡಿದಿದ್ದ ದಾಕ್ಷಾಯಿಣಿ ಬೆವತುಹೋದಳು. ಬಟ್ಟೆಯಂಚಿನ ಕೆಳಗೆ ಒದ್ದೆ ಬರಿಗಾಲು. ಬೆರಳಸಂದಿಯಲ್ಲಿ ಮರಳು. ತಮಿಳು ಕರಾವಳಿಯ ಎಣ್ಣೂರಿನ ಆ ಮಟಮಟ ಮಧ್ಯಾಹ್ನದಲ್ಲಿ ಗಾಳಿ ನಿಂತೇ ಹೋಗಿತ್ತು.

'ಯಾರಿವನು?'

ಕೇಳುವಂತಿಲ್ಲ. ಮಂತ್ರ ಮುಗಿಯುವವರೆಗೆ ಮದುಮಗಳು ತುಟಿ ಬಿಚ್ಚಬಾರದು.

ಇದೇನು ನಿಜವಾದ ಮದುವೆಯಲ್ಲ. ವೇದ ಕೇಳುವಾಗ ಗಮನ ತಪ್ಪಿದ ಪಾರ್ವತಿ ಶಿವನ ಶಾಪದಿಂದ ಬೆಸ್ತರ ಮಗಳಾಗಿ ಹುಟ್ಟಿದಳಂತೆ. ಶಾಪ ಕೊಟ್ಟವನೇ ವಿರಹ ತಡೆಯಲಾರದೆ, ಬೆಸ್ತನ ವೇಷದಲ್ಲಿ ಬಂದು ಕೈಹಿಡಿದನಂತೆ. ಗಂಡಸರ ಸಿಟ್ಟು ದೇವರಲ್ಲೂ ಅಷ್ಟೇ ನೋಡಿ!

ಆ ಕಲ್ಯಾಣವನ್ನು ಕೊಟ್ಟೂರು ಮೂಲದ ಕೊಟ್ರಪ್ಪನವರ ಮನೆತನ ಪ್ರತಿವರ್ಷ ಈ ದಂಡೆಯಲ್ಲಿ ನಡೆಸುತ್ತದೆ. ಮದುವೆಯಾಗದ ಹುಡುಗಿ ಪಾರ್ವತಿಯಾಗಿ ಕೂರುತ್ತಾಳೆ. ಎದುರಿನ ಮಣೆ ಖಾಲಿ. ಆ ಕಡೆ ಯಾರೂ ಇಣುಕಬಾರದು. ಬಟ್ಟೆಯ ಮೇಲಿಂದ ಮಣೆಗೆ ಹಾಕಿದ ಹಾರವನ್ನು ಆಮೇಲೆ ಸಮುದ್ರಕ್ಕೆ ಬಿಡುತ್ತಾರೆ. ಹಾರ ಮಣೆಯ ಮೇಲೆ ಸಿಗದಿದ್ದರೆ ದೇವರು ಆ ಹುಡುಗಿಯನ್ನು ಸ್ವೀಕರಿಸಿದನೆಂದು ಅರ್ಥ. ಆಮೇಲೆ ಅವಳನ್ನು ಯಾವ ಮನುಷ್ಯನಿಗೂ ಕೊಡುವಂತಿಲ್ಲ.

ಈ ವರ್ಷದ ಪಾರ್ವತಿ ಕೊಟ್ರಪ್ಪನವರ ಮಗಳು ದಾಕ್ಷಾಯಿಣಿಯೇ.

ಮಂತ್ರ ಮುಗಿಯುತ್ತಲೇ ಹಾರ ಹಾಕಿದಳು. ಅದು ಕೆಳಗೆ ಬೀಳಲಿಲ್ಲ! ಬೆರಳಿಗೆ ಬಿಸಿಯಾದ ಕೊರಳು ತಾಗಿತು. ಆಚೆ ಯಾರೋ ಉಸಿರು ಬಿಗಿಹಿಡಿದರು.

ಅವಳು ಚೀರಿದಳು. ಬಟ್ಟೆ ಸರಿಸಿದರೆ... ಮಣೆ ಖಾಲಿ. ಹಾರವೂ ಇಲ್ಲ.

"ಅಯ್ಯೋ ಕಡವುಳೇ, ದೇವರೇ!" ಅಪ್ಪನ ತಂಗಿ ಉಮಾಮಹೇಶ್ವರಿ ಅತ್ತೆ ಎದೆ ಹಿಡಿದುಕೊಂಡರು. "ಇವಳನ್ನ ಅವನೇ ತಗಂಡ!"

ಅಂದಿನಿಂದ ಕೊಟ್ರಪ್ಪನವರ ಪೆರಂಬೂರಿನ ಮನೆಯಲ್ಲಿ ಮದುವೆಯ ಮಾತು ನಿಂತಿತು. ಗೊತ್ತುಮಾಡಿದ್ದ ಸಂಬಂಧವನ್ನು ಅಪ್ಪ ಫೋನಿನಲ್ಲೇ ಬಿಟ್ಟರು. ನೆರೆಯ ಹೆಂಗಸರು ದಾಕ್ಷಾಯಿಣಿಗೆ ಕೈಮುಗಿಯತೊಡಗಿದರು. ಯಾರೂ ಜೊತೆಗೆ ಕೂತು ಹರಟೆ ಹೊಡೆಯುತ್ತಿರಲಿಲ್ಲ. ಎಂಥ ಒಂಟಿತನ! ಬೆಳಿಗ್ಗೆ ಬಚ್ಚಲ ಹೊಸ್ತಿಲಲ್ಲಿ ಒಮ್ಮೊಮ್ಮೆ ಮರಳು ಸಿಗುತ್ತಿತ್ತು.

'ದೇವರಾದರೆ ನನ್ನ ಬೆರಳಿಗೆ ಬೆದರುತ್ತಾನಾ? ಮನುಷ್ಯನಾದರೆ... ಯಾಕೆ ಬರಲಿಲ್ಲ?'

ಆ ಕೊರಳ ಬಿಸಿ ಅವಳನ್ನು ಬಿಟ್ಟು ಹೋಗಿರಲಿಲ್ಲ. ಹೆದರುತ್ತಲೇ ಪ್ರೀತಿಸಿಬಿಟ್ಟಿದ್ದಳು.

ಒಂದು ಸಂಜೆ ಅಪ್ಪ, ಮಗಳು ಜಗಲಿಯಲ್ಲಿದ್ದಾಗ ಯುವಕನೊಬ್ಬ ಬಂದು ನಿಂತ.

"ನಾನು ನಂಜುಂಡ ಸಾರ್, ನಂಜನಗೂಡು ಕಡೆಯೋನು. ಎಣ್ಣೂರಲ್ಲಿ ಇಂಜಿನಿಯರ್. ಆವತ್ತು ಮಣೆ ಮೇಲೆ ಕೂತಿದ್ದು... ನಾನೇ."

ಕೊಟ್ರಪ್ಪನವರು ದಡಕ್ಕನೆ ಎದ್ದರು. "ದೇವರ ಮಣಿ ಮ್ಯಾಲೆ ಯಾಕ ಕುಂತ್ಯೋ?"

"ನಿಜವಾದ ಮದುವೆ ಅನ್ಕೊಂಡೆ. ನಮ್ಮ ಮನೇಲಿ ಮದುಮಗನ ಮಣೆ ಖಾಲಿ ಬಿಡಲ್ಲ. ಅವನು ಬರೋತನಕ ಯಾರಾದ್ರೂ ಕೂತಿರ್ತಾರೆ. ಹಾರ ಕೊರಳಿಗೇ ಬಿತ್ತು, ಇವರು ಚೀರಿದ್ರು... ಒದೆ ಬೀಳುತ್ತೆ ಅಂತ ಪೆಂಡಾಲಿನ ಹಿಂದಿಂದ ಓಡಿದೆ. ಇವರ ಸಂಬಂಧ ಮುರಿದಿದ್ದು ನಿನ್ನೆ ಗೊತ್ತಾಯ್ತು."

ಕೊಟ್ರಪ್ಪನವರ ಕಣ್ಣು ತುಂಬಿತು. "ಮನುಷ್ಯಾನಾ! ನನ್ನ ಮಗಳು ಉಳಿದ್ಲು ಬಿಡಪ್ಪ! ಇರು, ಕಾಪಿ ತರಸ್ತೀನಿ," ಎನ್ನುತ್ತ ಒಳಗೋಡಿದರು.

ಬೆಂಚಿನ ಮೇಲಿದ್ದ ದಾಕ್ಷಾಯಿಣಿ ಮಾತ್ರ ನಗಲಿಲ್ಲ.

"ಸಮುದ್ರದಲ್ಲಿ ಕಾಲು ತೊಳ್ಕೊಂಡು ಬಂದಿದ್ರಾ? ಒದ್ದೆಯಾಗಿತ್ತು."

"ಇಲ್ವಲ್ಲ... ಡ್ಯೂಟಿಯಿಂದ ನೇರ ಬಂದೆ. ಸಾಕ್ಸ್ ಕೂಡ ಬಿಚ್ಚಿರಲಿಲ್ಲ."

"ಸುಮ್ಮಾ ಹೇಳ್ತಿಲ್ಲ ತಾನೆ?"

ಅವನ ಮುಖ ಬಿಳಿಚಿತು. "ನಿಮ್ಮಪ್ಪನಿಗೆ ಒಂದು ಮಾತು ಹೇಳಲಿಲ್ಲ. ಮಣೆ ಮೇಲೆ ಯಾರೂ ಕಾಣಿಸಲಿಲ್ಲ. ಆದ್ರೆ ಕೂರೋಕೆ ಬಗ್ಗಿದಾಗ, ಯಾರೋ ಪಕ್ಕಕ್ಕೆ ಸರಿದು... ಜಾಗ ಬಿಟ್ಟುಕೊಟ್ಟ ಹಾಗಾಯ್ತು. ಭುಜಕ್ಕೆ ತಣ್ಣಗೆ ತಾಗ್ತಿತ್ತು. ಮೀನಿನ ಬಲೆ ವಾಸನೆ."

ಅವಳು ಸೆರಗು ಬಿಗಿಯಾಗಿ ಹೊದ್ದಳು.

"ಇಷ್ಟಾದ್ರೂ ಬಂದ್ರಲ್ಲ... ಭಯ ಇಲ್ವಾ?"

"ಇದೆ. ಆದ್ರೆ ನಿಮ್ಮ ಬೆರಳು ತಾಗಿದ್ದನ್ನ ಮರೆಯೋಕಾಗ್ತಿಲ್ಲ ದಾಕ್ಷಾಯಿಣಿ. ನನ್ನನ್ನ ಮದುವೆ ಆಗ್ತೀರಾ?"

ಅವಳು ಬೆಂಚಿನಲ್ಲಿ ಸರಿದು ಜಾಗ ಮಾಡಿದಳು. ಅವನು ಕೂತ... ನಡುವೆ ಒಬ್ಬರು ಕೂರುವಷ್ಟು ಅಂತರ ಬಿಟ್ಟು.

"ಇವ್ವಳವು... ಇಷ್ಟು ದೂರ ಯಾಕೆ?"

"ಅಲ್ಲಿ... ತಣ್ಣಗಿದೆ."

ಅವಳು ಮುಟ್ಟಿ ನೋಡಿದಳು. ಮರ ಒದ್ದೆಯಾಗಿತ್ತು. ಕಣ್ಮುಚ್ಚಿ, ಕೈಮುಗಿದು, ಸ್ವಲ್ಪ ಹೊತ್ತು ಕಾದಳು. ಬೆಂಚು ಮೆಲ್ಲಗೆ ಕಿರುಗುಟ್ಟಿತು.

"ಈಗ ಹತ್ರ ಬನ್ನಿ," ಎಂದಳು ಪಿಸುದನಿಯಲ್ಲಿ. "ಅವರು ಎದ್ದು ಹೋದ್ರು."