ಕಸದ ಗಾಡಿಯ ದನಿ

ಶಿರಗುಪ್ಪಿಯ ಓಣಿ ತುದಿಯಲ್ಲಿ ಕಸದ ಗಾಡಿ ಕಾಣಿಸಿದ್ದೇ ಕಾಜಲ ಕಿಟಕಿಯಿಂದ ಹಿಂದೆ ಸರಿದಳು. ಸ್ಪೀಕರಿನಲ್ಲಿ ಕೂಗುತ್ತಿದ್ದುದು ಅವಳದೇ ದನಿ.

"ಬಣ್ಣದ ಪಾಕೀಟು ಮಕ್ಕಳ ಕೈಯಾಗ ಕೊಡಬ್ಯಾಡ್ರಿ ತಾಯಂದಿರ. ಶೇಂಗಾ ಕೊಡ್ರಿ, ರೊಟ್ಟಿ ಕೊಡ್ರಿ..."

ಚಿಕ್ಕೋಡಿಯ ಆಸ್ಪತ್ರೆಯಲ್ಲಿ ಡಯಟಿಷಿಯನ್ ಆಗಿರುವ ಕಾಜಲ ಬೇಸಿಗೆಯಲ್ಲಿ ಕಸದ ಗಾಡಿಗಳಿಗೆಂದು ರೆಕಾರ್ಡ್ ಮಾಡಿಕೊಟ್ಟ ಮಾತು ಅದು. ಊರೂರು ದಾಟಿ, ತಾನು ಮನಸ್ಸಿಟ್ಟ ಅಭಿನಂದನನ ಫ್ಯಾಕ್ಟರಿ ಬಾಗಿಲಿಗೇ ಬಂದೀತೆಂದು ಯಾರು ಕಂಡಿದ್ದರು? ಬಣ್ಣದ ಕುರುಕಲು ಪಾಕೀಟು ತಯಾರಾಗುತ್ತಿದ್ದುದು ಇಲ್ಲೇ. ಯಾವಾಗಲೂ ಸಂಜೆ ಬರುವವಳು ಇವತ್ತು ಬೆಳಿಗ್ಗೆ ಬಂದು ಸಿಕ್ಕಿಬಿದ್ದಿದ್ದಳು.

"ಚಾದಾಗ ಸಕ್ಕರಿ ಹಾಕಲೇನು ಡಾಕ್ಟರಬಾಯಿ? ಇಲ್ಲಾ ಬೈತೀಯೇನು?" ಅಭಿನಂದನ ಓರೆಗಣ್ಣಲ್ಲಿ ನಕ್ಕ.

ಬೇರೆ ದಿನವಾಗಿದ್ದರೆ ಅವಳೂ ಒಂದು ಮಾತು ತಿರುಗಿಸುತ್ತಿದ್ದಳು. ಇವತ್ತು ಕಿವಿ ಗಾಡಿಯ ಕಡೆಗೇ ಇತ್ತು. ಅಂಗಡಿಯವರು ಮಾಲು ವಾಪಸ್ ಕಳಿಸುತ್ತಿದ್ದಾರೆ, ಒಂದು ಮಿಷಿನ್ ನಿಂತೇ ಹೋಗಿದೆ ಎಂದು ಅವನು ಈಗಷ್ಟೇ ಹೇಳಿದ್ದ. ಆಚೆ ಪಾಕೀಟು ಕಟ್ಟುತ್ತಿದ್ದವಳು ರಾಮವ್ವ; ಅವಳ ಸೊಸೆಗೆ ಹೋದ ವಾರದಿಂದ ಇಲ್ಲಿ ಕೆಲಸವಿಲ್ಲ.

"ಬಂತ್ ನೋಡ್ರಿ ಆ ಹಾಳ ಗಾಡಿ!" ರಾಮವ್ವ ಅಲ್ಲಿಂದಲೇ ಕೂಗಿದಳು. "ಯಾವಾಕಿ ಅದಾಳೋ ಆಕಿ, ಕೈಗೆ ಸಿಗಲಿ!"

ಕಾಜಲ ಎದ್ದು ಕಿಟಕಿಗೆ ಕೈ ಹಾಕಿದಳು. ಅದು ತನ್ನ ದನಿಯೆಂದು ಅಭಿನಂದನನಿಗೆ ಗೊತ್ತಾದರೆ ಎಲ್ಲಾ ಮುಗಿದಂತೆಯೇ.

"ಕಿಡಕಿ ಹಾಕಲೇನು? ಧೂಳ ಬರ್ತೈತಿ."

"ಇರಲಿ ಬಿಡು," ಎಂದು ಅಭಿನಂದನ ಎದ್ದು ಗೇಟಿಗೆ ಹೋಗಿ ಗಾಡಿಗೆ ಕೈ ಅಡ್ಡ ಹಿಡಿದ. ಸ್ಪೀಕರ್ ಒಡೆದೇ ಬಿಡುತ್ತಾನೇನೋ! ಕಾಜಲ ಗಾಬರಿಯಿಂದ ಹಿಂದೆಯೇ ಓಡಿದಳು.

ಡ್ರೈವರ್ ಭೀಮಸಿ ಹಲ್ಲು ಕಿರಿದ. "ಇವತ್ತೂ ಪೂರ್ತಿ ಕೇಳಾವ್ರೇನ್ರಿ ಸಾವ್ಕಾರ? ಹಾಕಾಕ ಕಸಾ ಇರೂದಿಲ್ಲ, ದಿನಾ ಗಾಡಿ ಮಾತ್ರ ನಿಲ್ಲಸ್ತೀರಿ!"

ಅಭಿನಂದನನ ಕಿವಿ ಕೆಂಪಾದವು. ಅವನು ಎಲ್ಲೋ ನೋಡತೊಡಗಿದ.

"ನಿನಗ ಗೊತ್ತಿತ್ತಾ?" ಕಾಜಲ ಕೇಳಿದಳು.

"ಮೊದಲ್ನೇ ದಿನಾನ. ಸಿಟ್ಟ ಬಂದಿತ್ತು, ಸುಳ್ಳ ಯಾಕ ಹೇಳ್ಲಿ. ಸ್ಪೀಕರ್ ಕಿತ್ತ ಒಗೀಬೇಕಂತ ಬಂದಿದ್ದೆ." ಅವನು ತಗ್ಗಿದ ದನಿಯಲ್ಲಿ ಹೇಳಿದ. "ಆದ್ರ ನೀ ವಾರಕ್ಕೊಮ್ಮೆ ಬರ್ತಿ ಕಾಜಲ. ನಿನ್ನ ದನಿ ದಿನಾ ಬರ್ತೈತಿ."

ಅವಳಿಗೆ ಅಳು ತಡೆಯಲಾಗಲಿಲ್ಲ. "ನಾ ಹೇಳಿದ್ದು ಖರೇ ಐತಿ, ವಾಪಸ್ ತಗೊಳ್ಳಾಕ ಆಗೂದಿಲ್ಲ. ನೀ ನನ್ನ ಬಿಟ್ಟಬಿಡ್ತಿ ಅಂತ ಅಂಜಿಕಿ."

"ಖರೇನ ಐತಿ. ನಮ್ಮಕ್ಕನ ಮಕ್ಕಳಿಗೆ ಈ ಪಾಕೀಟು ನಾನೂ ಕೊಡೂದಿಲ್ಲ." ಅವನ ಮುಖ ಸಣ್ಣದಾಯಿತು. "ನನಗೂ ಅಂಜಿಕಿ ಐತಿ. ಫ್ಯಾಕ್ಟರಿ ಉಳೀತೈತೋ ಇಲ್ಲೋ. ಇಂಥಾವನ್ನ ಲಗ್ನಾ ಆಗ್ತಿಯೇನು?"

"ನಿನ್ನ ಫ್ಯಾಕ್ಟರಿ ಮುಳುಗಿಸಿದಾಕೀನ ನೀ ಮಾಡ್ಕೋತಿಯೇನು?"

"ಹೂಂ," ಎಂದ ಅವನು, ಒಂದಿಷ್ಟೂ ತಡಮಾಡದೆ.

ಅಷ್ಟರಲ್ಲಿ ರಾಮವ್ವ ಬಾಗಿಲಿಗೆ ಬಂದಿದ್ದಳು. ಕಾಜಲ ಕಣ್ಣೊರೆಸಿಕೊಂಡಳು.

"ರಾಮವ್ವಗ ನಾನ ಹೇಳ್ತೀನಿ."

"ಈಗ ಬ್ಯಾಡ. ಆಕಿ ಬಾಯಿ ನಿನಗ ಗೊತ್ತಿಲ್ಲ."

"ಸೊಸಿ ಕೆಲಸ ಹೋಗೇತಿ. ಬೈಲಿ ಬಿಡು."

ಕಾಜಲ ಬಾಗಿಲತ್ತ ತಿರುಗಿದಳು. ಆಗ ಅಭಿನಂದನ, ಎಲ್ಲರೂ ನೋಡುತ್ತಿದ್ದಂತೆಯೇ, ಅವಳ ಕೈ ಹಿಡಿದ. ಇಬ್ಬರೂ ಅಂಗಳ ದಾಟಿ ಬರುವುದನ್ನು ರಾಮವ್ವ ಕಣ್ಣು ಕಿರಿದು ಮಾಡಿ ನೋಡಿದಳು.

"ರಾಮವ್ವಾ," ಎಂದಳು ಕಾಜಲ, "ಆ ದನಿ ನಂದು."