ಫಿಯೆಟ್ ಟ್ಯಾಂಕಿನ ಪೆಟ್ರೋಲ್

೧೯೭೪ರ ಮಾರ್ಚ್ ೧೧, ಸೋಮವಾರ. ಬೆಳಿಗ್ಗೆ ಸಾಂತಾಕ್ರೂಜ್‌ನ ಪೊಲೀಸ್ ಠಾಣೆಗೆ ಬಂದ ದಿನಕರ ನಾಡಕರ್ಣಿ, ತಮ್ಮ ಫಿಯೆಟ್ ಕಾರಿನ ಟ್ಯಾಂಕಿನಿಂದ ಪೆಟ್ರೋಲ್ ಕಳುವಾಗಿದೆ ಎಂದು ದೂರು ಕೊಟ್ಟರು. ಪೆಟ್ರೋಲ್ ಪಂಪ್‌ಗಳು ಮುಷ್ಕರ ಹೂಡಿದ್ದ ವಾರ ಅದು. ಇನ್‌ಸ್ಪೆಕ್ಟರ್ ಭೀಮರಾಯ ಎಫ್‌ಐಆರ್ ದಾಖಲಿಸಿ, ಕಾನ್‌ಸ್ಟೇಬಲ್ ಮುರಿಗೆಪ್ಪನೊಂದಿಗೆ ಸ್ಥಳಕ್ಕೆ ಹೋದರು.

ಬಿಲ್ಡಿಂಗಿನ ಕಂಪೌಂಡಿನಲ್ಲಿ ನಿಂತಿದ್ದ ಕಾರಿನ ಟ್ಯಾಂಕಿನ ಮುಚ್ಚಳ ತೆರೆದೇ ಇತ್ತು. ಚಕ್ರದ ಪಕ್ಕ ಒಂದು ಉದ್ದನೆಯ ರಬ್ಬರ್ ಪೈಪು, ಅದರಾಚೆ ನೆಲದ ಮೇಲೆ ವಾಂತಿ. ಪಂಚನಾಮೆ ಬರೆಯುತ್ತಿದ್ದ ಮುರಿಗೆಪ್ಪ ಪೈಪಿನ ತುದಿಗೆ ಅಂಟಿದ್ದ ಸಿಮೆಂಟ್ ತೋರಿಸಿದ.

"ಗೌಂಡಿಗೋಳು ಗ್ವಾಡಿ ಮಟ್ಟ ನೋಡೋ ಪೈಪ್ ಅದರಿ ಸರ್. ಬಾಯಿಲೆ ಎಳದಾನ, ಪೆಟ್ರೋಲ್ ಹೊಟ್ಟಿಗಿ ಹೋಗ್ಯದ."

ಭೀಮರಾಯ ನಾಡಕರ್ಣಿಯವರ ಕಡೆ ತಿರುಗಿದರು. "ನಿನ್ನೆ ಯಾರಾದರೂ ಬಂದಿದ್ದರೇ?"

"ಮಧ್ಯಾಹ್ನ ಬೆಲ್ ಹೊಡೆದ್ರು. ಕಿಟಕಿಯಿಂದ ನೋಡಿದೆ, ಯಾರೋ ಮಜೂರ. ಸಂಡೇ ಅಲ್ವಾ, ಬಾಗಿಲು ತೆಗೀಲಿಲ್ಲ."

ಎದುರಿನ ಗಲ್ಲಿಯಲ್ಲಿ ಹೊಸ ಕಟ್ಟಡ ಏಳುತ್ತಿತ್ತು. ಅಲ್ಲಿ ಕೂಲಿಗಳಿಂದ ಕೆಲಸ ಮಾಡಿಸುತ್ತಿದ್ದ ಮುಕಾದಮ ಪೈಪನ್ನು ಕಂಡೊಡನೆ ಗುರುತಿಸಿದ. ಗೌಂಡಿ ಚಂದ್ರಾಮನದು, ಇಂದು ಅವನು ಕೆಲಸಕ್ಕೆ ಬಂದಿಲ್ಲ ಎಂದ.

ಚಂದ್ರಾಮ ತನ್ನ ಝೋಪಡಿಯ ಮುಂದೆ ಕುಳಿತಿದ್ದ. ಪಕ್ಕದಲ್ಲಿ ನೆರೆಮನೆಯ ಟ್ಯಾಕ್ಸಿ ಡ್ರೈವರ್ ನಿಜಾಮುದ್ದೀನ.

"ಪೆಟ್ರೋಲ್ ತಗದಾಂವ ನೀನ ಏನು?" ಭೀಮರಾಯ ಕೇಳಿದರು.

"ಹೌದ್ರಿ," ಎಂದ ಚಂದ್ರಾಮ.

"ಯಾಕ?"

"ಹೇಣ್ತಿಗಿ ಬ್ಯಾನಿ ಎದ್ದಿತ್ರಿ. ಕೂಸು ಅಡ್ಡ ಆಗ್ಯದ, ದವಾಖಾನಿಗಿ ಒಯ್ರಿ ಅಂದ್ಲು ಸೂಲಗಿತ್ತಿ."

"ನನ್ ಗಾಡಿ ಖಾಲಿ ಇತ್ತು ಸಾಬ್," ನಿಜಾಮುದ್ದೀನ ನಡುವೆ ಹೇಳಿದ. "ಪಂಪ್ ಎಲ್ಲಾ ಬಂದ್."

"ಕಾರಿನವರನ್ನ ಕೇಳಬೇಕಿತ್ತು."

"ಬೆಲ್ ಹೊಡದೆ ರೀ. ಒಳಗ ಹೆಜ್ಜಿ ಸಪ್ಪಳ ಕೇಳ್ತು. ಬಾಗಲಾ ತಗೀಲಿಲ್ಲ."

"ಆಮ್ಯಾಲ?" ಎಂದರು ಭೀಮರಾಯ.

"ದವಾಖಾನಿ ಮುಟ್ಟೂದ್ರಾಗ ಹೋದಳ್ರಿ. ಕೂಸೂ ಉಳೀಲಿಲ್ಲ. ಮುಂಜಾನಿ ಮಣ್ಣು ಮಾಡಿ ಬಂದೀವಿ."

ಚಂದ್ರಾಮನನ್ನು ದಸ್ತಗಿರಿ ಮಾಡಿ ಠಾಣೆಗೆ ತಂದರು. ಸುದ್ದಿ ತಿಳಿದು ಸಂಜೆ ಓಡಿಬಂದ ನಾಡಕರ್ಣಿ ದೂರು ವಾಪಸ್ ಪಡೆಯುತ್ತೇನೆಂದರು. ಅದನ್ನು ಕೋರ್ಟಿನಲ್ಲಿ ಹೇಳಬೇಕು ಎಂದರು ಭೀಮರಾಯ. ನಾಡಕರ್ಣಿ ಚಂದ್ರಾಮನ ಮುಖ ನೋಡಲಾರದೆ ಬೆಂಚಿನ ಮೇಲೆ ಕುಳಿತುಬಿಟ್ಟರು.

ಮುರಿಗೆಪ್ಪ ಹೇಳಿಕೆ ಬರೆದುಕೊಂಡು, ಮತ್ತೇನಾದರೂ ಹೇಳುವುದಿದೆಯೇ ಎಂದು ಕೇಳಿದ.

"ಟ್ಯಾಕ್ಸಿದಾಗ ಭಾಗವ್ವನ ತಲಿ ನನ್ನ ತೊಡಿ ಮ್ಯಾಲ ಇತ್ರಿ," ಎಂದ ಚಂದ್ರಾಮ. "ನನ್ನ ಮೈಯೆಲ್ಲಾ ಪೆಟ್ರೋಲ್. ಆ ವಾಸನಿಗಿ ಆಕಿಗಿ ಹೊಟ್ಟಿ ತೊಳಸ್ತು. 'ಅತ್ತ ಸರಿ' ಅಂದ್ಲು. ಎದ್ದು ಮುಂದಿನ ಸೀಟಿಗಿ ಹೋಗಿ ಕುಂತೆ. ಜೀವ ಹೋಗಿದ್ದು ನನಗ ಗೊತ್ತಾಗಲಿಲ್ರಿ."

ಇದನ್ನೂ ಬರೆಯಬೇಕೇ ಎಂದು ಮುರಿಗೆಪ್ಪ ಸಾಹೇಬರ ಮುಖ ನೋಡಿದ.

"ಬರಿ," ಎಂದರು ಭೀಮರಾಯ.